ಆರನೆಯ ಗಾಳ

ಗಾಳ ಕಟ್ಟುವಾಗ ನಾನು ಎಣಿಸುವುದಿಲ್ಲ. ಎಣಿಸಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಶಿರಸಿಯಲ್ಲಿ ನಾನಿರುವ ಬಾಡಿಗೆ ಮನೆಯ ಹಿಂದಿನ ಜಗುಲಿಯನ್ನು ನೋಡಿದವರು ಇಲ್ಲೊಬ್ಬ ಕಾಲೇಜು ಮೇಷ್ಟ್ರು ಇದ್ದಾನೆ ಎಂದು ಊಹಿಸಲಾರರು. ಗೋಡೆಗೆ ಒರಗಿಸಿದ ವಾಟೆ ಬಿದಿರಿನ ಕೋಲುಗಳು, ಡಬ್ಬಿಯಲ್ಲಿ ಸೀಸದ ತುಂಡುಗಳು, ಒಂಟಿ ಹವಾಯಿ ಚಪ್ಪಲಿಗಳು. ಚಪ್ಪಲಿಯ ರಬ್ಬರನ್ನು ಬ್ಲೇಡಿನಿಂದ ಕೊಯ್ದು, ಮರಳು ಕಾಗದದಲ್ಲಿ ಉಜ್ಜಿ, ನೀರಿನ ಮೇಲೆ ತೇಲುವ ಬೆಂಡು ಮಾಡುತ್ತೇನೆ. ಗ್ಯಾರೇಜಿನವರು ಚಕ್ರದಿಂದ ಕಿತ್ತೆಸೆದ ಸೀಸವನ್ನು ಬಡಿದು ಭಾರಕ್ಕೆ ಬಳಸುತ್ತೇನೆ. ಪೇಟೆಯಿಂದ ತಂದ ರಾಡು, ರೀಲು ಒಂದಿದೆ. ಅದರಲ್ಲಿ ಮೀನು ಸಿಕ್ಕರೆ ಹಿಡಿದದ್ದು ನಾನಲ್ಲ, ಬೇರೆ ಯಾರೋ ಎನ್ನಿಸುತ್ತದೆ. ಹೀಗಾಗಿ ಭಾನುವಾರ ಬಂತೆಂದರೆ ಬೈಕಿಗೆ ವಾಟೆಕೋಲು ಕಟ್ಟಿಕೊಂಡು ಯಾವುದೋ ಹೊಳೆಗೋ ಕೆರೆಗೋ ಹೊರಡುವುದು. ಮನೆಯಲ್ಲಿ ಕೂರಲು ನನಗೆ ಬರುವುದಿಲ್ಲ.

ಈ ಬೇಸಗೆಯ ಆರಂಭದಲ್ಲಿ ಒಂದು ಹೊಸ ಗಾಳ ಕಟ್ಟಿದೆ. ಉದ್ದದ ದಪ್ಪ ನೈಲಾನ್ ದಾರ, ಅದಕ್ಕೆ ಅಲ್ಲಲ್ಲಿ ಗಿಡ್ಡ ದಾರ, ಗಿಡ್ಡ ದಾರಗಳ ತುದಿಗೆ ಒಂದೊಂದು ಗಾಳ. ನಡುವೆ ಚಪ್ಪಲಿ ಬೆಂಡು ಕಟ್ಟಿದ್ದರಿಂದ ಎರೆಹುಳ ಕೆಸರಿನಲ್ಲಿ ಹೂತುಹೋಗದೆ ಅದರ ಮೇಲೆಯೇ ಆಡುತ್ತಿರುತ್ತದೆ. ಕೆಸರಿನ ಮೀನಾದ ಮುರುಗೋಡಿಗೆ ಇದು ಸರಿಹೋಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ಪರೀಕ್ಷಿಸಲು ಮುರುಗೋಡು ತುಂಬಿದ ಕೆರೆ ಬೇಕಿತ್ತು. ಅಂಥದೊಂದು ನನಗೆ ಗೊತ್ತಿತ್ತು. ಅದರಲ್ಲಿ ಗಾಳ ಹಾಕಬಾರದು ಎಂಬುದೂ ಗೊತ್ತಿತ್ತು.

ಅದು ಸಿದ್ದಾಪುರದ ಕಡೆ ನನ್ನ ಅಕ್ಕನನ್ನು ಕೊಟ್ಟ ಊರಿನ ಕೆರೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ. ಬೇಸಗೆಯಲ್ಲಿ ನೀರು ಮೊಣಕಾಲಿಗಿಳಿದಾಗ ಒಂದು ದಿನ ಗೊತ್ತುಮಾಡಿ, ಪೂಜೆ ಮಾಡಿ, ಊರವರು, ನೆಂಟರು, ಸುತ್ತಲಿನವರು ಎಲ್ಲ ಒಟ್ಟಿಗೆ ಕೂಣಿ ಹಿಡಿದು ಇಳಿಯುತ್ತಾರೆ. ಅದೇ ಕೆರೆಬೇಟೆ. ಕೂಣಿ ಎಂದರೆ ತಳವಿಲ್ಲದ ಬಿದಿರಿನ ಬುಟ್ಟಿ, ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ಕೆಸರಿಗೆ ಅದನ್ನು ಕುಕ್ಕಿ, ಒಳಗೆ ಮೀನು ಬಡಿದಾಡಿದರೆ ಮೇಲಿನಿಂದ ಕೈ ಹಾಕಿ ತಡಕಾಡಿ ಹಿಡಿಯಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ. ಆ ದಿನ ಊರಿಗೆ ಊರೇ ಕಾಣದ ಕೆಸರಿನೊಳಗೆ ಬರಿಗೈ ಹಾಕುತ್ತದೆ.

ಈ ವರ್ಷ ಕೆರೆ ಕಾಯುವ ಜವಾಬ್ದಾರಿ ನನ್ನ ಭಾವನದು, ಅಂದರೆ ಅಕ್ಕನ ಗಂಡನದು.

ಅಕ್ಕನ ಮನೆಗೆ ಹೋದ ಒಂದು ಸಂಜೆ, ಭಾವ ಪೇಟೆಗೆ ಹೋಗಿದ್ದಾಗ, ತಿರುಗಾಡಿ ಬರುತ್ತೇನೆಂದು ಹೇಳಿ ಕೆರೆಯ ಮೂಲೆಗೆ ಹೋದೆ. ಸಿಕ್ಕ ಮೀನನ್ನು ತಿರುಗಿ ಬಿಡುತ್ತೇನೆ, ಇದು ಕಳ್ಳತನವಲ್ಲ, ಪ್ರಯೋಗ ಎಂದು ನನಗೆ ನಾನೇ ಹೇಳಿಕೊಂಡೆ. ಹಳೆಯ ಮರದ ಬುಡವೊಂದು ನೀರಿನಲ್ಲಿ ಮುಳುಗಿರುವ ಜಾಗ. ದಾರ ಬಿಟ್ಟು ಸ್ವಲ್ಪ ಹೊತ್ತಾಗಿತ್ತು. ಏರಿಯ ಮೇಲೆ ಬೈಕಿನ ಸದ್ದು ಬಂತು. ಗಡಬಡಿಸಿ ದಾರ ಎಳೆದೆ. ಬೇರಿಗೆ ಸಿಕ್ಕಿಕೊಂಡಿತು. ಜೋರಾಗಿ ಜಗ್ಗಿದಾಗ ಏನೋ ಬಿಟ್ಟುಕೊಂಡು ದಾರ ಕೈಗೆ ಬಂತು. ಎಲ್ಲವನ್ನೂ ಚೀಲಕ್ಕೆ ತುರುಕಿ ಹೊರಟುಬಿಟ್ಟೆ.

ಶಿರಸಿಗೆ ಬಂದು ಚೀಲ ಬಿಚ್ಚಿದರೆ ಐದು ಗಾಳಗಳಿದ್ದವು. ಒಂದು ಗಿಡ್ಡ ದಾರ ತುದಿಯಲ್ಲಿ ಬರಿದಾಗಿತ್ತು. ಅದಕ್ಕೆ ಗಾಳ ಕಟ್ಟಿದ್ದೆನೋ, ದಾರ ಗಿಡ್ಡವಾಯಿತೆಂದು ಹಾಗೇ ಬಿಟ್ಟಿದ್ದೆನೋ?

ನಾನು ಓದಿದ್ದು ಮನಃಶಾಸ್ತ್ರ. ನೆನಪು ಫೋಟೋ ಅಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ವರ್ಷ ವರ್ಷವೂ ಮಕ್ಕಳಿಗೆ ಪಾಠ ಮಾಡುತ್ತೇನೆ. ಆರನೆಯ ಗಾಳ ನೀರಿಗೆ ಬಿದ್ದ ಚಿತ್ರ ನನ್ನ ತಲೆಯಲ್ಲಿದೆ. ಆದರೆ ಆ ಚಿತ್ರದಲ್ಲಿ ನನ್ನ ಬೆನ್ನು ಕಾಣುತ್ತದೆ. ನನ್ನ ಬೆನ್ನನ್ನು ನಾನು ನೋಡಿರಲು ಸಾಧ್ಯವಿಲ್ಲವಲ್ಲ! ಹಾಗಾದರೆ ಅದು ನೆನಪಲ್ಲ, ಹೆದರಿಕೆ ಕಟ್ಟಿದ ಕತೆ. ಹೀಗೆ ವಾದ ಮಾಡಿ ಮಾಡಿ ಕೆಲವು ದಿನ ಹಾಯಾಗಿದ್ದೆ. ಅಷ್ಟು ಒಳ್ಳೆಯ ವಾದವನ್ನು ನಾನು ತರಗತಿಯಲ್ಲೂ ಮಾಡಿಲ್ಲ.

ಆಮೇಲೆ ಭಾವನ ಫೋನು ಬಂತು.

"ಮೇಷ್ಟ್ರೇ, ಬಪ್ಪ ಭಾನ್ವಾರ ಕೆರೆಬೇಟೆ. ನಿಂಗೂ ಒಂದು ಕೂಣಿ ತೆಗ್ದಿಟ್ಟಿದೀನಿ. ಚಪ್ಲಿ ಗಿಪ್ಲಿ ಕೊಯ್ಕಂತ ಕೂರ್ಬ್ಯಾಡ, ಬಾ."

"ಭಾವಾ, ಒಂದು ಮಾತು..."

"ಎಂತ?"

"ಎಂತಿಲ್ಲ. ಬರ್ತೀನಿ."

ಶನಿವಾರ ಮಧ್ಯಾಹ್ನವೇ ಹೋದೆ. ಹೇಗಾದರೂ ಆ ಮೂಲೆಗಿಳಿದು ಹುಡುಕುವ ಯೋಚನೆ. ಆದರೆ ಏರಿಯ ಮೇಲೆ ಕಾವಲಿಗೆ ಜನ ಕೂತಿದ್ದರು. ಪೂಜೆಗೆ ಮುಂಚೆ ಯಾರೂ ನೀರಿಗಿಳಿಯುವಂತಿಲ್ಲ. ಭಾವ ಅಂಗಳದಲ್ಲಿ ಕೂತು ಸಡಿಲವಾದ ಕೂಣಿಗೆ ಬಳ್ಳಿ ಬಿಗಿಯುತ್ತಿದ್ದ. ಹತ್ತಿರ ಕೂತು, ಎಲ್ಲಿಯದೋ ಸುದ್ದಿಯೆಂಬಂತೆ ಕೇಳಿದೆ.

"ಈ ಕೆರೇಲಿ ಯಾರಾದ್ರೂ ಗಾಳ ಹಾಕಿ, ಅದು ಒಳಗೇ ಉಳ್ದಿದ್ರೆ?"

ಭಾವ ತಲೆಯೆತ್ತಲಿಲ್ಲ. "ಯಾರು ಹಾಕ್ತ್ರು? ನಾ ಕಾದ ಕೆರೆ ಇದು. ಒಂದು ಕೊಕ್ಕರೆ ಬಂದ್ರೂ ನಂಗೆ ಗೊತ್ತಾಗ್ತದೆ."

ಒಳಗಿನಿಂದ ಅಕ್ಕ ಕೂಗಿದಳು: "ಕೊಕ್ಕರೆ ಬಂದ್ರೆ ಗೊತ್ತಾಗ್ತದಡ! ಮೊನ್ನೆ ದನ ಬಂದು ಬಾಳೆ ತಿಂದ್ಕಂಡು ಹೋತು, ಅದು ಗೊತ್ತಾಗ್ಲಿಲ್ಲ."

ಭಾವ ನಕ್ಕ. ನಾನೂ ನಕ್ಕೆ. ಹೇಳಬೇಕಾದ ಮಾತು ಆ ನಗೆಯಲ್ಲಿ ಹೂತುಹೋಯಿತು. ಅವನ ಮುಖದ ಹೆಮ್ಮೆಯನ್ನು ಒಡೆಯಲಾರದೆ ಸುಮ್ಮನಾದೆ ಎಂದು ಆಗ ಅಂದುಕೊಂಡೆ. ಈಗ ಯೋಚಿಸಿದರೆ ಉಳಿಸಿಕೊಂಡದ್ದು ನನ್ನ ಮುಖವನ್ನು.

ಮಾರನೆಯ ದಿನ ಪೂಜೆಯ ಕಾಯಿ ಒಡೆದು ಕೂಗು ಹಾಕಿದ್ದೇ ತಡ, ಎಲ್ಲ ಬದಿಯಿಂದಲೂ ಜನ ನೀರಿಗೆ ನುಗ್ಗಿದರು. ನಾನು ನೇರವಾಗಿ ಮರದ ಬುಡದ ಮೂಲೆಗೆ ಓಡಿದೆ. ಯಾರು ಹತ್ತಿರ ಬಂದರೂ ಅವರ ಮುಂದೆ ನನ್ನ ಕೂಣಿ ಕುಕ್ಕುತ್ತಿದ್ದೆ. ಕಾಲಿನಿಂದ, ಕೈಯಿಂದ ಬೇರಿನ ಸಂದುಗಳನ್ನೆಲ್ಲ ತಡವಿದೆ. ಸಿಕ್ಕಿದ್ದೆಲ್ಲ ಬೇರು, ಕೊಳೆತ ಎಲೆ, ಚಿಪ್ಪು.

"ನೋಡ್ರಾ, ಮೇಷ್ಟ್ರು ಮೂಲೆ ಕಾಯ್ತಾ ಕೂತ್ರು!" ಪಕ್ಕದ ಮನೆಯ ಅಜ್ಜ ಕೂಗಿದ. "ಓದ್ದವ್ರಿಗೆ ಆಸೆ ಜಾಸ್ತಿ ಮಾರಾಯಾ. ಸರ್ಕ, ನಂಗೂ ಒಂದು ಕುಕ್ಕು ಹಾಕುಕೆ ಬಿಡು."

"ಇಲ್ಲಿ ಮೀನಿಲ್ಲ ಅಜ್ಜಾ."

"ಮೀನಿಲ್ದೇ ನೀ ಎಂತ ಸ್ನಾನ ಮಾಡ್ತಾ ಇದ್ಯಾ?"

ಸುತ್ತಲೂ ನಗು. ಅಷ್ಟರಲ್ಲಿ ನನ್ನ ಹೆಬ್ಬೆರಳಿನ ಬುಡಕ್ಕೆ ಚುಚ್ಚಿತು. ಕೈ ಮೇಲೆತ್ತಿದರೆ ರಕ್ತ. ಗಾಳ ಸಿಕ್ಕಿತು, ನನಗೇ ಸಿಕ್ಕಿತು ಎಂದು ನಿಜವಾಗಿ ಸಂತೋಷವಾಯಿತು. ಮತ್ತೆ ಕೈ ಹಾಕಿದರೆ ಜಾರುವ ಮೈಯೊಂದು ಬಡಿದಾಡಿತು. ಮುರುಗೋಡಿನ ಮುಳ್ಳು ಅದು. ಕೈ ಉರಿಯತೊಡಗಿತು.

ರಕ್ತ ನೋಡಿ ಭಾವ ನೀರು ಚಿಮ್ಮಿಸುತ್ತ ಬಂದ. "ಮುರುಗೋಡು ಹಿಡಿಯುಕೆ ಬರೂದಿಲ್ಲ ನಿಂಗೆ. ಆಚೆ ನಿಲ್ಲು, ನಾ ತೆಗಿತೀನಿ."

ತನ್ನ ಕೂಣಿಯನ್ನು ಬೇರಿನ ಪಕ್ಕವೇ ಕುಕ್ಕಿದ. ತೋಳೇರಿಸಿ, ಕೂಣಿಯ ಬಾಯಿಯೊಳಗೆ ಮೊಣಕೈವರೆಗೆ ಕೈ ಇಳಿಸಿದ.

"ಬ್ಯಾಡ ಭಾವಾ! ಗಾಳ ಇದೆ ಒಳಗೆ."

ಕೈ ಅಲ್ಲಿಯೇ ನಿಂತಿತು. ನಿಧಾನವಾಗಿ ನನ್ನ ಕಡೆ ತಿರುಗಿದ.

"ನಿಂಗೆ ಹೆಂಗೆ ಗೊತ್ತು?"

ನಾನು ಹಿಂದಿನ ದಿನ ಅಂಗಳದಲ್ಲಿ ಕೇಳಿದ ಪ್ರಶ್ನೆ ಅವನಿಗೆ ನೆನಪಾದದ್ದು ಮುಖದಲ್ಲಿ ಕಂಡಿತು. ಕೈಯನ್ನು ಹೊರತೆಗೆದು, ಬೆರಳುಗಳನ್ನೊಮ್ಮೆ ನೋಡಿಕೊಂಡ. ಆಮೇಲೆ ಕೆರೆಗೆಲ್ಲ ಕೇಳುವಂತೆ ಕೂಗಿದ:

"ಈ ಮೂಲೆಗೆ ಯಾರೂ ಬರ್ಬ್ಯಾಡ್ರಾ! ಗಾಳ ಬಿದ್ದದೆ."

ಗದ್ದಲ ಸ್ವಲ್ಪ ತಗ್ಗಿತು. "ಯಾರ್ದು?" ಎಂದಿತು ಒಂದು ದನಿ.

"ನಮ್ಮನೇದು," ಎಂದ ಭಾವ.

ಅಜ್ಜ ತನ್ನ ಕೂಣಿಯನ್ನು ಹೆಗಲಿಗೇರಿಸಿ ನನ್ನನ್ನು ನೋಡದೆ ಆಚೆ ಹೋದ. ಬೈಗುಳವಿಲ್ಲ, ತಮಾಷೆಯೂ ಇಲ್ಲ. ತಮಾಷೆ ನಿಂತದ್ದೇ ನನಗೆ ಬೈಗುಳವಾಗಿ ಕೇಳಿಸಿತು. ಉಳಿದ ಹೊತ್ತೆಲ್ಲ ಆ ಮೂಲೆ ಖಾಲಿಯಿತ್ತು. ಕಾವಲಿನ ಮನೆಯೇ ಕೆರೆಗೆ ಗಾಳ ಹಾಕಿತು ಎಂಬ ಮಾತು ಸಂಜೆಯೊಳಗೆ ಅಕ್ಕನ ಕಿವಿಗೂ ಬಿತ್ತು. ಅವಳು ಮೀನು ಸಾರು ಬಡಿಸಿ ಹಿತ್ತಲಿಗೆ ಹೋದಳು.

ಆಮೇಲಿನ ವಾರಗಳಲ್ಲಿ ನಾನು ಬೇರೆ ಯಾವ ನೀರಿಗೂ ಹೋಗಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಬಿಚ್ಚಿ, ನೈಲಾನ್ ದಾರಕ್ಕೆ ಕಟ್ಟಿ, ಆ ಮೂಲೆಯಲ್ಲಿ ಎಳೆಯುತ್ತ ಕೂರುತ್ತೇನೆ. ಇದೂ ನನ್ನದೇ ಕೈಕೆಲಸದ ಸಾಮಾನು. ಬಾಟಲಿ ಮುಚ್ಚಳ, ಮೊಳೆ, ಎತ್ತಿನ ಲಾಳದ ಚೂರು ಬಂದಿವೆ. ನೀರು ಆರಿದಂತೆ ಕೆಸರನ್ನು ಕೈಯಿಂದಲೂ ಅಗೆದು, ಒಡೆದು, ಅಯಸ್ಕಾಂತ ಆಡಿಸುತ್ತೇನೆ. ದಾರಿಯಲ್ಲಿ ಹೋಗುವವರು ಮೊದಲು ನಿಂತು ನೋಡುತ್ತಿದ್ದರು. ಈಗ ಹಾಗೇ ಹೋಗುತ್ತಾರೆ.

ಕಳೆದ ಭಾನುವಾರ ಅಯಸ್ಕಾಂತಕ್ಕೆ ಒಂದು ಗಾಳ ಅಂಟಿಕೊಂಡು ಬಂತು. ಪೂರಾ ತುಕ್ಕು ಹಿಡಿದಿತ್ತು, ದಾರದ ಎಳೆಯೂ ಉಳಿದಿರಲಿಲ್ಲ. ಓಡುತ್ತ ಹೋಗಿ ಭಾವನ ಅಂಗೈ ಮೇಲಿಟ್ಟೆ. ಅವನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅಕ್ಕನೂ ಬಂದು ನಿಂತಳು.

"ಇದೇನಾ ನಿಂದು?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಕ್ಕನ ಮುಖ ಆ ಒಂದು ಮಾತಿಗೆ ಕಾಯುತ್ತಿತ್ತು. ಮೂಲೆ ಶುದ್ಧವಾಯಿತೆಂದು ಊರಿಗೆ ಹೇಳಬಹುದಿತ್ತು. ಗಾತ್ರ ನನ್ನ ಗಾಳದ್ದೇ. ಆದರೆ ಅಷ್ಟು ದಿನಗಳಲ್ಲಿ ಇಷ್ಟು ತುಕ್ಕು ಹಿಡಿಯುತ್ತದೆಯೇ? ಹಿಂದೆ ಯಾವಾಗಲೋ ಯಾರೋ ಬಿಟ್ಟದ್ದೂ ಇರಬಹುದು. ಮುಂದಿನ ಬೇಸಗೆಗೆ ಅಜ್ಜ ಇದೇ ಬೇರಿನ ಸಂದಿಗೆ ಕೂಣಿ ಕುಕ್ಕಿ ಕೈ ಹಾಕುತ್ತಾನೆ.

"ಗೊತ್ತಿಲ್ಲ ಭಾವಾ. ಅಲ್ದೇನೂ ಇರ್ಬಹುದು."

ಅಕ್ಕ ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಭಾವ ಗಾಳವನ್ನು ಖಾಲಿ ಬೆಂಕಿಪೊಟ್ಟಣಕ್ಕೆ ಹಾಕಿ ಗೋಡೆಯ ಗೂಡಿನಲ್ಲಿಟ್ಟ.

"ಹಂಗಾರೆ ಬಪ್ಪ ವಾರನೂ ಬಾ. ಮಳೆ ಹಿಡಿಯೂದ್ರೊಳಗೆ ಇನ್ನೊಂದು ಸಲ ನೋಡ್ವ. ನಾನೂ ಬತ್ತೀನಿ."