ಬೇಡವೆಂದವರ ಪಟ್ಟಿ

ಮಂಗಳವಾರ ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಫೈಲಕ್ಕ ಕಂಪ್ಯೂಟರಿನ ಮುಂದೆ ನಿಂತೇ ಇದ್ದಳು, ಕುಳಿತರೆ ಸಿಟ್ಟು ಇಳಿದುಬಿಡುತ್ತದೇನೋ ಎಂಬಂತೆ. ಪರದೆಯ ಮೇಲೆ ಹದಿನಾರರ ಹುಡುಗಿಯೊಬ್ಬಳ ಹೆಸರಿನ ಎದುರು ‘ಮುಕ್ತಾಯ’ ಎಂದಿತ್ತು. ಪಕ್ಕದಲ್ಲಿ ಕಾರಣ: ‘ಬೇಡವೆಂದರು’.

ಆಸ್ಪತ್ರೆಯ ಹೊರರೋಗಿ ವಿಭಾಗದ ಆರನೇ ಕೋಣೆಯಲ್ಲಿ ಅವಳು ಹನ್ನೊಂದು ವರ್ಷದಿಂದ ನರ್ಸ್. ಸಾಯಬೇಕೆಂಬ ಯೋಚನೆ ಬೆನ್ನು ಬಿಡದ ಮಕ್ಕಳು, ಒಮ್ಮೆ ಪ್ರಯತ್ನಿಸಿ ಉಳಿದ ಮಕ್ಕಳು, ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಾರೆ. ಥೆರಪಿಸ್ಟ್ ಎದುರು ಐವತ್ತು ನಿಮಿಷ ಕೂರುತ್ತಾರೆ, ಮನೆಗೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಈ ಮತ್ತೆ ಬರುವುದೇ ಚಿಕಿತ್ಸೆಯ ಮುಕ್ಕಾಲು ಪಾಲು ಎಂಬುದು ಅವಳ ಲೆಕ್ಕ. ಬರದವರ ಫೈಲನ್ನು ಅವಳು ಕಪಾಟಿಗೆ ಸೇರಿಸುತ್ತಿರಲಿಲ್ಲ, ಕಂಕುಳಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ಫೈಲಕ್ಕ ಎಂದು ಹೆಸರಿಟ್ಟವರು ಮಕ್ಕಳೇ. ನಿಮ್ಮ ಮದುವೆ ಫೋಟೋದಲ್ಲೂ ಕಂಕುಳಲ್ಲಿ ಫೈಲಿತ್ತಾ ಎಂದು ಒಬ್ಬ ಕೇಳಿದ್ದಕ್ಕೆ, ಇತ್ತು, ಅದನ್ನೇ ಕಟ್ಟಿಕೊಂಡಿದ್ದು ಎಂದಿದ್ದಳು.

ಸತತ ಎರಡು ಸಲ ಬರದಿದ್ದರೆ ಫೈಲು ಮುಚ್ಚಬೇಕೆಂಬುದು ನಿಯಮ. ಮುಚ್ಚಲು ಕಂಪ್ಯೂಟರು ಮೂರೇ ಕಾರಣ ಕೊಡುತ್ತದೆ: ಚಿಕಿತ್ಸೆ ಮುಗಿಯಿತು, ಬೇರೆಡೆಗೆ ಹೋದರು, ಬೇಡವೆಂದರು. ಸುಮ್ಮನೆ ಬರದೆ ಹೋದ ಮಗುವಿಗೆ ಮೊದಲೆರಡರಲ್ಲಿ ಜಾಗವಿಲ್ಲ. ಆರು ವರ್ಷದ ಹಿಂದೆ ಫೈಲಕ್ಕ ತಾನೇ ಒಬ್ಬ ಹುಡುಗನನ್ನು ಮೂರನೆಯದಕ್ಕೆ ಹಾಕಿದ್ದಳು. ನಾಲ್ಕು ತಿಂಗಳ ನಂತರ ಅವನು ತುರ್ತು ಚಿಕಿತ್ಸಾ ವಿಭಾಗದ ಮಂಚದ ಮೇಲೆ ಸಿಕ್ಕಿದ. ಬದುಕಿದ. ಇವಳನ್ನು ಕಂಡು, ನೀವು ನನ್ನ ಹೆಸರು ತೆಗೆದುಬಿಟ್ಟಿದ್ದಿರಂತೆ ಎಂದಷ್ಟೇ ಹೇಳಿದ. ಅವಳ ಸಿಟ್ಟಿನಲ್ಲಿ ದೊಡ್ಡ ಪಾಲು ಇವತ್ತಿಗೂ ಅವಳ ಮೇಲೆಯೇ.

ಹುಡುಗಿಯ ಫೈಲು ಮುಚ್ಚಿದ್ದ ಸೂಪರ್‌ವೈಸರ್ ಪಕ್ಕದ ಮೇಜಿನಲ್ಲೇ ಇದ್ದರು. ಕೆಟ್ಟ ಮನುಷ್ಯರಲ್ಲ. ಕಾಯುವವರ ಪಟ್ಟಿಯಲ್ಲಿ ಅರವತ್ತೆರಡು ಮಕ್ಕಳಿದ್ದಾರೆ, ಬರದವಳಿಗೆ ಜಾಗ ಹಿಡಿದಿಟ್ಟರೆ ಅವರಿಗೇನು ಹೇಳಲಿ ಎಂದು ಕೇಳಿದರು. ಆ ಮಾತಿನಲ್ಲಿ ನ್ಯಾಯವಿತ್ತು. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು.

“ಅವಳು ಬೇಡ ಅಂದಿದ್ದು ಯಾರ ಹತ್ರ ಸಾರ್?”

“ಎರಡು ಸಲ ಬಂದಿಲ್ಲ. ಬೇಡ ಅಂತಲೇ ಅಲ್ವಾ ಸಿಸ್ಟರ್?”

“ಹೋದ ವಾರ ನೀವೂ ಮೀಟಿಂಗಿಗೆ ಬರಲಿಲ್ಲ. ಕೆಲಸ ಬೇಡ ಅಂದ್ರು ಅಂತ ಬರ್ಕೊಳ್ಳಲಾ?”

ಉತ್ತರಕ್ಕೆ ಕಾಯದೆ ಅವಳು ಹುಡುಗಿಯ ಮನೆಗೆ ಫೋನ್ ಹಚ್ಚಿದಳು. ತಾಯಿ ಎತ್ತಿಕೊಂಡು, ಅವಳು ಈಗಷ್ಟೇ ಶಾಲೆಯಿಂದ ಬಂದು ಬಾಗಿಲು ಹಾಕಿಕೊಂಡಿದ್ದಾಳೆ, ಎರಡು ವಾರದಿಂದ ಸರಿಯಾಗಿ ಉಣ್ಣುತ್ತಿಲ್ಲ, ಆಸ್ಪತ್ರೆಯ ಮಾತೆತ್ತಿದರೆ ಸಾಕು ಸಿಡಿಯುತ್ತಾಳೆ ಎಂದರು. ಫೋನನ್ನು ಬಾಗಿಲ ಕೆಳಗಿನ ಸಂದಿನಿಂದ ಒಳಗೆ ದಾಟಿಸಿದ್ದು ಕೇಳಿಸಿತು.

“ಯಾಕಮ್ಮಾ ಬರಲಿಲ್ಲ?”

ಹುಡುಗಿ ತಿರುಗಿ ಕೇಳಿದಳು: “ನೀವು ಕೊಟ್ಟ ಚೀಟಿ ಓದಿದೀರಾ ಅಕ್ಕ? ಮೇಲ್ಗಡೆ ಏನಿದೆ ಅಂತ?”

ಮೇಜಿನ ಮೇಲೆಯೇ ಚೀಟಿಗಳ ಕಟ್ಟು ಇತ್ತು. ಮೊದಲು ಮಕ್ಕಳು ಶನಿವಾರ ಬರುತ್ತಿದ್ದರು. ಸಿಬ್ಬಂದಿಯ ಅನುಕೂಲಕ್ಕೆಂದು ಹೋದ ತಿಂಗಳು ಅದನ್ನು ಮಂಗಳವಾರ ಮೂರು ಗಂಟೆಗೆ ಬದಲಿಸಿ, ಶಾಲೆಯಿಂದ ಬೇಗ ಹೊರಡಲು ತೋರಿಸಬೇಕಾದ ಚೀಟಿಯನ್ನೂ ಅಚ್ಚು ಹಾಕಿಸಿದ್ದರು. ಮಗುವಿನ ಹೆಸರು, ಹೊರಡುವ ಹೊತ್ತು, ಕೆಳಗೆ ಸೀಲು. ಮೇಲೆ ದಪ್ಪಕ್ಷರದಲ್ಲಿ, ನೀಲಿಯಲ್ಲಿ: ‘ಹದಿಹರೆಯದವರ ಆತ್ಮಹತ್ಯೆ ತಡೆ ಚಿಕಿತ್ಸಾ ಘಟಕ’. ಘಟಕದವರೆಲ್ಲ ಆ ಹೆಸರನ್ನು ದಿನಕ್ಕೆ ನಲವತ್ತು ಸಲ ಬರೆಯುವವರು. ಅದು ಅವರ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಹುಡುಗಿಯ ಚೀಟಿಗೆ ಸೀಲು ಒತ್ತಿ, ಹರಿದು, ಮಡಿಸಿ ಕೈಗಿಟ್ಟವಳು ಫೈಲಕ್ಕನೇ.

“ಕ್ಲಾಸ್ ಟೀಚರ್ ಅದನ್ನ ಲೀಡರ್ ಕೈಲಿ ಆಫೀಸಿಗೆ ಕಳಿಸ್ತಾರೆ,” ಎಂದಳು ಹುಡುಗಿ. “ಅದಕ್ಕಿಂತ ನೀವೇ ಬಂದು ಮೈಕಲ್ಲಿ ಹೇಳಿಬಿಡಿ.”

ತಪ್ಪು ನಮ್ಮದು ಎಂದಳು ಫೈಲಕ್ಕ. ಆಮೇಲೆ, ಸುತ್ತಿ ಬಳಸದೆ ಕೇಳಬೇಕಾದ್ದನ್ನು ಹಾಗೆಯೇ ಕೇಳಿದಳು: “ಸಾಯೋ ಯೋಚನೆ ಬರ್ತಿದೆಯಾ?”

“ಬರ್ತಿದೆ.”

“ಹೋದ ಸಲಕ್ಕಿಂತ ಜಾಸ್ತಿನಾ?”

“ಹ್ಞೂಂ.”

“ಬಾಗಿಲು ತೆಗೆದು ಫೋನ್ ಅಮ್ಮನಿಗೆ ಕೊಡು. ಇಬ್ಬರೂ ಈಗಲೇ ಬನ್ನಿ. ನಾನು ಇಲ್ಲೇ ಇರ್ತೀನಿ.”

ಬಾಗಿಲ ಚಿಲಕ ಸರಿದ ಸದ್ದು ಕೇಳಿಸಿತು. ತಾಯಿಗೆ, ದಾರಿಯಲ್ಲಿ ಒಂದು ಕ್ಷಣವೂ ಅವಳ ಪಕ್ಕ ಬಿಡಬೇಡಿ ಎಂದು ಎರಡು ಸಲ ಹೇಳಿದಳು. ಥೆರಪಿಸ್ಟ್ ಆಗಲೇ ಬ್ಯಾಗು ಹೆಗಲಿಗೇರಿಸಿದ್ದರು. ಫೈಲಕ್ಕನ ಮುಖ ನೋಡಿ ಅದನ್ನು ಕೆಳಗಿಟ್ಟರು. ಮುಚ್ಚಿದ ಫೈಲಿಗೆ ಕಂಪ್ಯೂಟರು ಭೇಟಿಯ ಹೊತ್ತು ಕೊಡುವುದಿಲ್ಲ, ಹೊಸದಾಗಿ ನೋಂದಾಯಿಸಬೇಕು, ಅಂದರೆ ಅರವತ್ತಮೂರನೆಯವಳಾಗಿ ಕಾಯಬೇಕು ಎಂದು ಸೂಪರ್‌ವೈಸರ್ ಮೆಲ್ಲಗೆ ನೆನಪಿಸಿದರು. ಅವಳು ಕಾಗದದ ಫೈಲು ತೆರೆದು ಪೆನ್ನಿನಲ್ಲಿ ಬರೆದಳು: ‘ಬರುತ್ತಿದ್ದಾಳೆ.’

ಐದು ಗಂಟೆ ಏಳು ನಿಮಿಷಕ್ಕೆ ಹುಡುಗಿ ಬಂದಳು, ಶಾಲೆಯ ಸಮವಸ್ತ್ರದಲ್ಲೇ, ತಾಯಿಯ ಕೈಯೊಳಗೆ ಕೈಯಿಟ್ಟು. ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಫೈಲಕ್ಕ ಕತ್ತರಿ ತೆಗೆದು, ಚೀಟಿಗಳ ಕಟ್ಟು ಬಿಚ್ಚಿ, ಹತ್ತು ಹತ್ತರಂತೆ ಹಿಡಿದು ನೀಲಿ ಅಕ್ಷರವನ್ನೆಲ್ಲ ಕತ್ತರಿಸತೊಡಗಿದಳು. ತಲೆಬರಹ ಇಲ್ಲದಿದ್ದರೆ ಚೀಟಿ ನಡೆಯುವುದಿಲ್ಲ ಎಂದರು ಸೂಪರ್‌ವೈಸರ್.

“ಸೀಲು ಕೆಳಗಿದೆ ಸಾರ್. ತಲೆ ಇಲ್ದೆ ಈ ಆಫೀಸಲ್ಲಿ ಎಷ್ಟೋ ನಡೀತಿದೆ.”

ಒಳಗಿನ ಐವತ್ತು ನಿಮಿಷ ಎಪ್ಪತ್ತಾಯಿತು. ಹೊರಬಂದ ಥೆರಪಿಸ್ಟ್, ಇವತ್ತು ಮನೆಗೆ ಹೋಗಬಹುದು, ತಾಯಿ ಜೊತೆಗೇ ಮಲಗುತ್ತಾರೆ, ನಾಳೆ ಬೆಳಿಗ್ಗೆ ಮತ್ತೆ ಬರಬೇಕು ಎಂದರು. ಹುಡುಗಿ ನಾಳೆಯ ಚೀಟಿಯನ್ನು ತಿರುಗಿಸಿ ನೋಡಿ ಜೇಬಿಗಿಟ್ಟುಕೊಂಡಳು. ಮರುದಿನ ಬೆಳಿಗ್ಗೆ ಬಂದಳು. ಅಷ್ಟರಲ್ಲಿ ಸೂಪರ್‌ವೈಸರ್ ತಮ್ಮ ಪಾಸ್‌ವರ್ಡ್ ಹಾಕಿ ಅವಳ ಫೈಲನ್ನು ತಾವೇ ತೆರೆದಿದ್ದರು.

ಫೈಲಕ್ಕನ ಸಿಟ್ಟು ಅಲ್ಲಿಗೆ ಇಳಿಯಲಿಲ್ಲ. ಆ ವರ್ಷ ‘ಬೇಡವೆಂದರು’ ಎಂದು ಮುಚ್ಚಿದ ಇಪ್ಪತ್ತೊಂಬತ್ತು ಫೈಲುಗಳನ್ನು ಹೊರತೆಗೆದು, ಕೆಲಸ ಮುಗಿದ ಮೇಲೆ ದಿನಕ್ಕೆ ನಾಲ್ಕರಂತೆ ಫೋನ್ ಮಾಡಿದಳು. ಎತ್ತದವರಿಗೆ ಮತ್ತೆ ಮಾಡಿದಳು. ಬಸ್ಸು ತಪ್ಪಿತ್ತು, ಪರೀಕ್ಷೆಯಿತ್ತು, ಅಪ್ಪನ ಫೋನಿಗೆ ಸಂದೇಶ ಹೋಗಿ ಅಪ್ಪ ಹೇಳಿರಲಿಲ್ಲ, ಚೀಟಿ ತೋರಿಸಲು ನಾಚಿಕೆಯಾಗಿತ್ತು. ಎಲ್ಲವನ್ನೂ ಬರೆದುಕೊಂಡಳು. ಎಲ್ಲರೂ ಬದುಕಿದ್ದರು. ಹಾಳೆಯ ಕೊನೆಯ ಸಾಲು ತುಂಬಿದಾಗ ಅವಳು ಮೊದಲ ಬಾರಿ ಕುರ್ಚಿಗೆ ಒರಗಿದಳು.

ತಿಂಗಳ ಕೊನೆಯ ಸಭೆಯಲ್ಲಿ ಎದ್ದು ನಿಂತು ‘ಬೇಡವೆಂದರು’ ಎಂಬ ಕಾರಣವನ್ನೇ ತೆಗೆಯಿರಿ ಎಂದಳು. ಇಪ್ಪತ್ತೊಂಬತ್ತು ಜನ ಬೇಡ ಅಂದಾಗ ನಮ್ಮಿಂದೇನು ಮಾಡಲಾಗುತ್ತದೆ ಎಂದು ಮುಖ್ಯಸ್ಥರು ಬೇಸರದಿಂದಲೇ ಕೇಳಿದರು. ಇವಳು ಹಾಳೆ ನೋಡದೆ, ಅವರ ಮುಖವನ್ನೇ ನೋಡುತ್ತಾ, ಬಾಯಿಬಿಟ್ಟು ಬೇಡ ಅಂದವರ ಸಂಖ್ಯೆ ಹೇಳಿದಳು.

“ಎರಡು.”