ಹಿಡಿಯಾಕೆ ಹೋಗಬ್ಯಾಡ್ರಿ

ಚೀಲದ ಬಾಯಿ ಬಿಚ್ಚಿದ್ದೇ ತಡ, ಕೆಂಚ ನಮ್ಮ ಯಜಮಾನರ ಕಾಲ ಸಂದಿಯಲ್ಲಿ ನುಸುಳಿ, ಗೇಟು ದಾಟಿ ಪರಾರಿ.

ಕೆಂಚ ಅಂದರೆ ನಾಯಿ. ನ್ಯಾಮತಿಯ ನನ್ನ ಚಿಕ್ಕಮ್ಮ ಸಾಕಿದ್ದು. ಚಿಕ್ಕಮ್ಮ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಗಳು ಜಗಳೂರಿಗೆ ಕರೆದುಕೊಂಡು ಹೋದಳು. ಅದು ಬಾಡಿಗೆ ಮನೆ, ನಾಯಿಗೆ ಜಾಗವಿಲ್ಲ. 'ನಿನ್ನ ಉಡಿಯಾಗೆ ಹಾಕೀನಿ ಕಣವ್ವ' ಎಂದು ಚಿಕ್ಕಮ್ಮ ನನಗೊಪ್ಪಿಸಿದ್ದಳು. ಹೂಂ ಅಂತ ಮಾತು ಕೊಟ್ಟು, ಚನ್ನಗಿರಿಗೆ ತಂದು, ಐದೇ ನಿಮಿಷದಲ್ಲಿ ಕಳೆದವಳು ನಾನು.

ಚೀಲ ಯಾಕೆ ಅಂತೀರಾ? ನಮ್ಮ ಕಡೆ ಬೆಕ್ಕು ತರುವಾಗ ಗೋಣಿಚೀಲದಲ್ಲಿ ತರುವುದು ರೂಢಿ. ದಾರಿ ಕಾಣದಿದ್ದರೆ ಹಳೇ ಮನೆಗೆ ವಾಪಸ್ ಓಡುವುದಿಲ್ಲವಂತೆ. ನಮ್ಮವರು ಆ ಶಾಸ್ತ್ರವನ್ನು ನಾಯಿಗೂ ಅಪ್ಲೈ ಮಾಡಿದರು. ಹೊನ್ನಾಳಿ ಸೇತುವೆ ದಾಟುವಾಗ ಕಾರಿನ ಹಿಂದಿನ ಸೀಟಿನಿಂದ ಕುಂಯ್ ಅಂದಾಗಲೇ 'ರೀ, ಬಿಚ್ರಿ ಅದನ್ನ' ಅಂದಿದ್ದೆ. 'ನಿಂಗೇನು ಗೊತ್ತೈತೆ, ಸುಮ್ನಿರು' ಎಂದರು. (ಮದುವೆಯಾದಾಗಿನಿಂದ ನನಗೆ ಏನೂ ಗೊತ್ತಿಲ್ಲ.) ದಾರಿ ಕಾಣದ ನಾಯಿ ನ್ಯಾಮತಿಗೂ ಹೋಗಲಾರದು, ಓಡಿಹೋದರೆ ನಮ್ಮ ಮನೆಗೂ ಬರಲಾರದು. ಇಷ್ಟು ಹೊಳೆಯಬಾರದೇ?

ಕೆರೆಬಿಳಚಿ ರಸ್ತೆಯ ಪಾಳು ಇಟ್ಟಿಗೆ ಗೂಡಿನ ಹತ್ತಿರ ಕಂಡಿತು ಅಂತ ಸುದ್ದಿ ಬಂತು. ಬೀದಿಯವರೆಲ್ಲ ಹೊರಟರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಒಬ್ಬರ ಕೈಲಿ ಹಗ್ಗ, ಒಬ್ಬರ ಕೈಲಿ ಬಿಸ್ಕತ್ತು, ನಮ್ಮವರ ಕೈಲಿ ಅದೇ ಗೋಣಿಚೀಲ. ಅದನ್ನು ಕಂಡರೆ ನಾನೂ ಓಡುತ್ತಿದ್ದೆ. ಕೆಂಚ ಜಾಲಿ ಪೊದೆಯೊಳಗೆ ಸೇರಿದ್ದು ಹೊರಗೆ ಬರಲೇ ಇಲ್ಲ.

ದಿನಾ ಸಂಜೆ ಚಿಕ್ಕಮ್ಮನ ಫೋನ್. ಎತ್ತದೆ ತಪ್ಪಿಸಿಕೊಂಡೆ. ಕೊನೆಗೆ ತಡೆಯಲಾಗದೆ ಎತ್ತಿ, ಅತ್ತು, ನಡೆದದ್ದೆಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. 'ಹಿಡಿಯಾಕೆ ಹೋಗಬ್ಯಾಡ್ರಿ. ಹಿಡಿಯಾಕೆ ಹೋದ್ರೆ ಕೋಳಿನೂ ಓಡ್ತೈತೆ. ಬುತ್ತಿ ತಗಂಡು ಹೋಗಿ ಅಲ್ಲೇ ಕುಂತು ಉಣ್ರಿ. ಅದರ ಕಡೆ ನೋಡಬ್ಯಾಡ್ರಿ. ಕಡೇ ತುತ್ತು ಇಟ್ಟು ಬರ್ರಿ' ಎಂದಳು.

ಕಡೇ ತುತ್ತು. ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ! ಬೇಸಿಗೆ ರಜೆಯಲ್ಲಿ ನ್ಯಾಮತಿಗೆ ಹೋದರೆ ಚಿಕ್ಕಮ್ಮನ ಜಗಲಿಯ ಮೇಲೆ ಸಾಲಾಗಿ ಊಟಕ್ಕೆ ಕೂರುತ್ತಿದ್ದೆವು. ರೊಟ್ಟಿ, ಕೆಂಪು ಚಟ್ನಿ, ಮೊಸರು. ಎದುರಿಗೆ ಆಗಿನ ಕೆಂಚ. (ಚಿಕ್ಕಮ್ಮನ ನಾಯಿಗಳಿಗೆಲ್ಲ ಒಂದೇ ಹೆಸರು, ಕಪ್ಪು ನಾಯಿಗೂ ಕೆಂಚನೇ.) ಅದಕ್ಕೆ ಬೇರೆ ತಟ್ಟೆ ಇರಲಿಲ್ಲ, ಬೆಲ್ಟೂ ಇರಲಿಲ್ಲ. ನಮ್ಮೆಲ್ಲರ ಕಡೇ ತುತ್ತು ಅದರದ್ದು. ಮರೆತು ನಾವೇ ತಿಂದರೆ ಚಿಕ್ಕಮ್ಮ ತಲೆಗೆ ಮೊಟಕುತ್ತಿದ್ದಳು. ಆ ಮೊಟಕಿಗೂ ಈಗ ಆಸೆಯಾಗುತ್ತದೆ.

ಸರಿ, ಗಂಡ ಹೆಂಡತಿ ದಿನಾ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಇಟ್ಟಿಗೆ ಗೂಡಿಗೆ ಹೊರಟೆವು. ಜನ ನಕ್ಕರು, ನಗಲಿ. ಪೊದೆಗೆ ಬೆನ್ನು ಹಾಕಿ ಕೂತು, ಊರ ಸುದ್ದಿ ಮಾತಾಡುತ್ತ ಉಣ್ಣುವುದು, ತುತ್ತು ಇಟ್ಟು ಬರುವುದು. ಮೊದಮೊದಲು ನಾವು ಹೋದ ಮೇಲೆ ತಿನ್ನುತ್ತಿತ್ತು. ಆಮೇಲೆ ದೂರದಲ್ಲಿ ಕೂತು ನೋಡತೊಡಗಿತು. ನಮ್ಮವರಿಗೆ ಕೈ ಸುಮ್ಮನಿರದು. 'ಈಗ ಹಿಡೀಲೇನೆ?' 'ಸುಮ್ನೆ ಉಣ್ರಿ' ಎಂದು ಗದರಿದೆ.

ಒಂದು ದಿನ ಮೊಣಕೈಗೆ ತಣ್ಣನೆಯ ಮೂತಿ ತಾಗಿತು. ನಾನು ತಿರುಗಲಿಲ್ಲ, ತುತ್ತು ಚಾಚಿದೆ. ಕಣ್ಣು ತುಂಬಿ ತಟ್ಟೆಯ ಅನ್ನವೇ ಕಾಣಲಿಲ್ಲ. ಎದ್ದು ಹೊರಟರೆ ಮನೆ ತನಕ ಹಿಂದೆ ಹಿಂದೆಯೇ ಬಂತು.

ಬಂದವಳೇ ಜಗಳೂರಿಗೆ ಫೋನ್ ಹಚ್ಚಿದೆ. ಚಿಕ್ಕಮ್ಮ, 'ಪುಣ್ಯ ಮಾಡೈತೆ ಬಿಡವ್ವ. ಹತ್ರ ಕುಂತು ಉಂಡ್ರಲ್ಲ ನೀವು. ಇಲ್ಲಿ ನಂಗೆ ಟೈಮಿಗೆ ಸರಿಯಾಗಿ ರೂಮಿಗೇ ತಟ್ಟೆ ಬರ್ತೈತೆ. ಯಾತಕ್ಕೂ ಕಮ್ಮಿ ಇಲ್ಲ' ಎಂದಳು.

ನಿಮ್ಮ ಮನೆಯಲ್ಲೂ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ತಟ್ಟೆ ಹೋಗುತ್ತಿರಬಹುದು, ಪಕ್ಕದಲ್ಲಿ ಕೂತು ಉಣ್ಣುವವರು ಯಾರು?