ಕೆಸರು ತೊಳೆದವನು ನಾನೇ

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ಹೋಗುವ ಮುಂಚೆ ನಾಲ್ಕು ಮಾತು ಬೈದೇ ಹೋಗುತ್ತಿದ್ದೆ. ಕಡೂರಿನಲ್ಲಿ ಬೀರೂರು ರಸ್ತೆಯ ಮೇಲೆ ನನ್ನದೊಂದು ಲಾರಿ ರಿಪೇರಿ ಶೆಡ್ಡು ಇತ್ತು. "ಈ ಗಾಡಿಗೆ ಏನೋ ಹಿಡ್ಕಂಡದೆ ಮೇಸ್ತ್ರಿ" ಎಂದು ಬಂದ ಡ್ರೈವರುಗಳಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಹಿಡ್ಕಂಡಿರೋದು ಬ್ರೇಕು ಕಣೋ. ಜಾಕಿ ತಗಂಬಾ."

ಈಗ ನಾನೇ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಬೇಕಾಗಿಲ್ಲ. ಆದರೆ ದಯವಿಟ್ಟು ವಿವರಣೆ ಕೊಡಲು ಬರಬೇಡಿ. ಇದನ್ನು ಹೇಳಿದಾಗಲೆಲ್ಲ ಒಬ್ಬ ದೇವರ ಹೆಸರು ಎತ್ತುತ್ತಾನೆ, ಇನ್ನೊಬ್ಬ ಗೇರಿನ ಹಲ್ಲಿನ ಹೆಸರು ಎತ್ತುತ್ತಾನೆ. ಇಬ್ಬರ ಮೇಲೂ ನನಗೆ ಒಂದೇ ಸಮ ಸಿಟ್ಟು ಬರುತ್ತದೆ. ಇನ್ನೊಂದು ಮಾತು. ಇಂಥ ಕಥೆಗಳೆಲ್ಲ ಅಮಾವಾಸ್ಯೆ ರಾತ್ರಿ ನಡೆಯುತ್ತವಂತೆ. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ, ಎದುರಿಗೆ ಒಬ್ಬ ಮನುಷ್ಯ ಎರಡು ಎತ್ತು ಹಿಡಿದುಕೊಂಡು ನಿಂತಿದ್ದಾಗ.

ತರೀಕೆರೆ ಕಡೆ ನಾಲೆ ಕೆಲಸ ಜೋರಾಗಿದ್ದ ವರ್ಷಗಳವು. ಮಿಲಿಟರಿಯವರು ಹರಾಜು ಹಾಕಿದ ಹಳೇ ಲಾರಿಗಳನ್ನು ಕಂಟ್ರಾಕ್ಟರುಗಳು ಹಿಡಿದು ತರುತ್ತಿದ್ದರು. ಮರುಳಪ್ಪ ಎಂಬ ಕಂಟ್ರಾಕ್ಟರರ ಹತ್ತು ಚಕ್ರದ ಲಾರಿಯೊಂದು ನನ್ನ ಶೆಡ್ಡಿಗೆ ಬರುತ್ತಿತ್ತು. ಅದರ ವಿಶೇಷ ಇಷ್ಟು. ಒಳ್ಳೆಯ ರಸ್ತೆಯಲ್ಲಿ ಹಿಂದಿನ ಚಕ್ರಗಳು ಮಾತ್ರ ತಳ್ಳುತ್ತವೆ. ಕೆಸರು ಸಿಕ್ಕಾಗ ಡ್ರೈವರು ತನ್ನ ಬಲಗೈಯ ಹತ್ತಿರದ ಗುಂಡಿ ಎಳೆದರೆ ಟುಸ್ ಎಂದು ಗಾಳಿ ಹೊರಟು, ಬಲಗಡೆಯೇ ಇಳಿದ ತಾಮ್ರದ ಪೈಪಿನಲ್ಲಿ ಹಾದು, ಕೆಳಗಿನ ಒಂದು ಪುಟ್ಟ ಸಿಲಿಂಡರಿಗೆ ನುಗ್ಗುತ್ತದೆ. ಅಲ್ಲಿನ ಪಿಸ್ಟನ್ನು ಸರಳನ್ನು ತಳ್ಳಿ ಗೇರಿನ ಹಲ್ಲು ಕೂಡಿಸುತ್ತದೆ. ಆಗ ಮುಂದಿನ ಚಕ್ರಗಳೂ ಎಳೆಯುತ್ತವೆ. ಗುಂಡಿ ಒತ್ತಿದರೆ ಗಾಳಿ ಹೊರಗೆ ಹೋಗಿ ಸ್ಪ್ರಿಂಗು ಹಲ್ಲು ಬಿಡಿಸುತ್ತದೆ. ಟಾರು ರಸ್ತೆಗೆ ಬಂದ ಮೇಲೂ ಬಿಡಿಸದೆ ಓಡಿಸಿದರೆ ಏನಾದರೊಂದು ಮುರಿಯುತ್ತದೆ.

ಲಾರಿ ಬಂದ ಹೊಸದರಲ್ಲಿ ಗುಂಡಿ ಎಷ್ಟು ಎಳೆದರೂ ಮುಂದಿನ ಚಕ್ರ ಎಳೆಯುತ್ತಿರಲಿಲ್ಲ. ಎಲ್ಲರೂ ಗೇರ್ ಬಾಕ್ಸ್ ಬಿಚ್ಚು ಎಂದರು. ನಾನು ಬಿಚ್ಚಲಿಲ್ಲ. ಗಾಳಿ ಟ್ಯಾಂಕಿನಲ್ಲಿ ನಿಂತಿದ್ದ ನೀರು ಇಳಿಸಿದೆ. ಪೈಪಿನ ಉದ್ದಕ್ಕೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿದೆ. ಪೈಪಿನಲ್ಲಿ ಒಂದೂ ಗುಳ್ಳೆಯಿಲ್ಲ, ಸಿಲಿಂಡರಿನ ಬಾಯಲ್ಲಿ ಬುಳಬುಳ. ಒಳಗಿನ ಚರ್ಮದ ವಾಷರು ಒಣಗಿ ಹಪ್ಪಳವಾಗಿತ್ತು. ಅಂಥದ್ದು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಮೆಟ್ಟು ಹೊಲಿಯುವವನಿಂದ ದಪ್ಪ ಚರ್ಮ ಕತ್ತರಿಸಿಕೊಂಡು, ಎರಡು ದಿನ ಹರಳೆಣ್ಣೆಯಲ್ಲಿ ನೆನೆಹಾಕಿ, ಬಟ್ಟಲಿನಂತೆ ಒತ್ತಿ ಕೂರಿಸಿದೆ. ಗುಂಡಿ ಎಳೆದರೆ ಟುಸ್, ಠಕ್! ಹಲ್ಲು ಕೂಡಿತು. ತರೀಕೆರೆ ತನಕ ನನ್ನ ಹೆಸರು ಹೋಯಿತು. ಆ ವಾಷರಿನ ಜಂಬ ನನ್ನ ತಲೆಗೆ ಎಷ್ಟು ಏರಿತ್ತು ಎಂಬುದನ್ನು ಮುಂದೆ ನೋಡುವಿರಿ.

ಆ ಲಾರಿಯ ಡ್ರೈವರು ಓಂಕಾರಪ್ಪ, ಸಖರಾಯಪಟ್ಟಣದ ಆಚೆಯ ಒಂದು ಹಳ್ಳಿಯವನು. ಮಿಲಿಟರಿಯಲ್ಲಿ ಸ್ಟೇರಿಂಗ್ ಹಿಡಿದು ಕಲಿತವನು. ಮಾತು ಕಡಿಮೆ. ಒಂದು ದಿನ ಅವನ ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿ ನನ್ನ ಶೆಡ್ಡಿಗೆ ಎಳೆತಂದರು. ಅಜ್ಜಂಪುರದ ಕಡೆ ಎರೆ ಹೊಲ ದಾಟಿ ಟಾರು ರಸ್ತೆಗೆ ಬಂದಿದ್ದಾನೆ, ಮುಂದಿನ ಚಕ್ರದ ಹಲ್ಲು ಕೂಡಿಯೇ ಇತ್ತು. ಎಂಜಿನ್ನಿನ ಎಳೆತವನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟು ತಿರುಚಿ, ಅದರ ಜಾಯಿಂಟು ಮುರಿದಿತ್ತು. ಹಿಂದೆಯೇ ಮರುಳಪ್ಪನವರೂ ಬಂದರು.

"ನೋಡು ಮೇಸ್ತ್ರಿ, ಬಾಗಿಲ ತನಕ ಕೆಸರು ಹೊಡ್ದದೆ. ಮುಂದಿನ ಗಾಲಿ ಎಳೀದೆ ಹಿಂಗೆ ಹೊಡೀತದಾ? ಗುಂಡಿ ಎಳ್ದವ್ನೆ, ಮರ್ತವ್ನೆ, ಟಾರ್ ರೋಡಿಗೆ ತಂದು ಮುರ್ದವ್ನೆ."

"ಎಳ್ದಿಲ್ಲ ಯಜಮಾನ್ರೇ," ಎಂದ ಓಂಕಾರಪ್ಪ. "ಗುಂಡಿ ಒಳಗೇ ಇತ್ತು. ಟುಸ್ ಅಂತು, ತಾನೇ ಹಿಡ್ಕಂತು. ಆಮ್ಯಾಲೆ ಬಿಡ್ಲೇ ಇಲ್ಲ."

"ತಾನೇ ಹೋಗಿ ಹಿಡ್ಕಳ್ಳಾಕೆ ಅದೇನ್ ಬೇಟೆ ನಾಯೇನ್ಲಾ?"

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಲಾರಿ ಕೆಳಗೆ ಮಲಗಿ ಅರ್ಧ ಗಂಟೆ ನೋಡಿದೆ. ಗುಂಡಿ ಒತ್ತಿದ್ದಾಗ ಪೈಪಿನಲ್ಲಿ ಗಾಳಿಯ ಸುಳಿವಿಲ್ಲ. ಸ್ಪ್ರಿಂಗು ಗಟ್ಟಿಯಾಗಿದೆ. ಸಿಲಿಂಡರು ಬಿಚ್ಚಿ ಇನ್ನೂ ನೋಡಬಹುದಿತ್ತು. ಬಿಚ್ಚಲಿಲ್ಲ. ಬಿಚ್ಚಿದರೆ ತಪ್ಪು ನನ್ನ ವಾಷರಿನದು ಎಂದಾಗಿಬಿಟ್ಟರೆ? ಎದ್ದು ಬಂದು ಕೈ ಒರೆಸಿಕೊಂಡು ಹೇಳಿದೆ: "ಗಾಳಿ ಇಲ್ದೆ ಹಲ್ಲು ಕೂಡಲ್ಲ. ಗುಂಡಿ ಎಳೀದೆ ಗಾಳಿ ಬರಲ್ಲ. ಅಷ್ಟೇ ಕಣ್ರೀ."

ಓಂಕಾರಪ್ಪ ಕಂಟ್ರಾಕ್ಟರರನ್ನು ಬಿಟ್ಟು ನನ್ನ ಕಡೆ ತಿರುಗಿದ. "ಒಂದ್ಸಲ ನೀನೇ ಓಡ್ಸು ಮೇಸ್ತ್ರಿ, ಆ ಎರೆ ಹೊಲದಾಗೆ. ಆಮ್ಯಾಲೆ ಹೇಳು."

"ಸ್ಟೇರಿಂಗ್ ಬಿಟ್ಟು ಗಿಣಿಶಾಸ್ತ್ರ ಹೇಳೋಗು ಓಂಕಾರಪ್ಪ, ಚೆನ್ನಾಗ್ ನಡೀತದೆ" ಎಂದೆ.

ಈ ಮಾತನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಮರುಳಪ್ಪ ಅವನನ್ನು ಆ ಹೊತ್ತೇ ಕೆಲಸದಿಂದ ತೆಗೆದರು. ಅಷ್ಟಕ್ಕೆ ಬಿಡಲಿಲ್ಲ. ಕಡೂರಿನಿಂದ ತರೀಕೆರೆ ತನಕ ಲಾರಿ ಇಟ್ಟವರಿಗೆಲ್ಲ ಹೇಳಿಸಿದರು: ಗಾಡಿ ಮುರಿದು ಸುಳ್ಳು ಹೇಳುವ ಡ್ರೈವರು, ಬೇಕಾದರೆ ಮೇಸ್ತ್ರಿಯನ್ನೇ ಕೇಳಿ. ಕೆಲವರು ಬಂದು ಕೇಳಿದರು ಕೂಡ. ನಾನು ಹೌದು ಎಂದೆ. ಆಮೇಲೆ ಅವನ ಕೈಗೆ ಯಾರೂ ಸ್ಟೇರಿಂಗ್ ಕೊಡಲಿಲ್ಲ.

ಹೊಸ ಶಾಫ್ಟು ಸಿಗಲಿಲ್ಲ. ಹಳೆಯದನ್ನು ಬಿಚ್ಚಿ ನನ್ನ ಶೆಡ್ಡಿನ ಗೋಡೆಗೆ ಒರಗಿಸಿಟ್ಟೆ. ಅದು ಕೂರುತ್ತಿದ್ದ ಎರಡು ತುದಿಗಳಿಗೂ ಕೆಸರು ಹೋಗದಂತೆ ಗೋಣಿ ಸುತ್ತಿ ಹುರಿಯಿಂದ ಕಟ್ಟಿದೆ. ಸುಮ್ಮನೆ ಗಾಳಿ ಏಕೆ ಹಾಳು ಎಂದು ತಾಮ್ರದ ಪೈಪಿನ ಬಾಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಮಡಚಿದೆ. ಅಂದರೆ ಇನ್ನು ಆ ಲಾರಿಯ ಮುಂದಿನ ಚಕ್ರಗಳು ಎತ್ತಿನ ಗಾಡಿಯ ಚಕ್ರಗಳ ಹಾಗೆ. ತಳ್ಳಿದರೆ ಉರುಳುತ್ತವೆ, ತಾವಾಗಿ ತಿರುಗುವ ಮಾತೇ ಇಲ್ಲ.

ಒಂದೂವರೆ ತಿಂಗಳಾದ ಮೇಲೆ ಹೊಸ ಡ್ರೈವರು ಜ್ವರ ಬಂದು, ಲಾರಿಯನ್ನು ಅಜ್ಜಂಪುರದ ಆಚೆ ಹೊಲದ ಪಕ್ಕ ಬಿಟ್ಟು ಮನೆಗೆ ಹೋದ. ನೀನೇ ಹೋಗಿ ತಂದುಕೊಡು ಎಂದು ಮರುಳಪ್ಪ ಹೇಳಿ ಕಳಿಸಿದರು. ನಾನೇನು ಅವರ ಆಳೇ ಎಂದು ಗೊಣಗುತ್ತಲೇ ಬಸ್ಸಿನಲ್ಲಿ ಹೋದೆ. ಹಿಂದಿನ ದಿನ ಮಳೆ ಬಿದ್ದಿತ್ತು. ಎರೆ ಮಣ್ಣು ನೆನೆದರೆ ಹೇಗಿರುತ್ತದೆ ಎಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ, ಮೆಟ್ಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಲಾರಿ ಇಪ್ಪತ್ತು ಮಾರು ಹೋಗಿ ಹೂತು ಕೂತಿತು. ಹಿಂದಿನ ಚಕ್ರಗಳು ತಿರುಗಿದಷ್ಟೂ ಕೆಳಗಿಳಿದವು. ಕಲ್ಲು ಕೊಟ್ಟೆ, ಸೊಪ್ಪು ಹಾಕಿದೆ, ಕೊನೆಗೆ ನನ್ನ ಅಂಗಿಯನ್ನೂ ಹಾಕಿದೆ.

ಪಕ್ಕದ ಹೊಲದ ಕೆಂಚಪ್ಪ ಎಂಬಾತ ಎತ್ತು ಹಿಡಿದುಕೊಂಡು ಬಂದು ನಿಂತ. "ಎತ್ತು ಕಟ್ಲಾ ಮೇಸ್ತ್ರಿ?"

"ಹತ್ತು ಗಾಲಿ ಗಾಡಿಗೆ ಎರಡು ಎತ್ತೇನಯ್ಯಾ?"

"ಹತ್ತು ಗಾಲಿ ಇದ್ದೂ ಇಲ್ಲೇ ಕುಂತದಲ್ಲಪ್ಪ. ನಮ್ ಗಾಡಿಗೆ ಎರಡೇಯ, ದಿನಾ ಮನೆಗೋಯ್ತದೆ."

ನನಗೆ ತಲೆ ಕೆಟ್ಟುಹೋಯಿತು. ಮರುಳಪ್ಪನ ಮೇಲೆ, ಜ್ವರ ಬಂದ ಡ್ರೈವರಿನ ಮೇಲೆ, ಆ ಮಣ್ಣಿನ ಮೇಲೆ, ಎಲ್ಲದರ ಮೇಲೂ ಇದ್ದ ಸಿಟ್ಟು ಅಲ್ಲಿಲ್ಲದ ಒಬ್ಬನ ಮೇಲೆ ಹೋಯಿತು. ಸ್ಟೇರಿಂಗ್ ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದೆ: "ಎಲ್ಲೋ ಓಂಕಾರಪ್ಪ ನಿನ್ ಟುಸ್ಸು? ತಾನೇ ಹಿಡ್ಕಂತದೆ ಅಂದ್ಯಲ್ಲ, ಹಿಡ್ಕಳ್ಳಲಿ ನೋಡಾಣ, ಸುಳ್ ನನ್ಮಗನೇ!"

ಟುಸ್ ಎಂದಿತು.

ನನ್ನ ಎಡಗಡೆಯಿಂದ. ಎಂಜಿನ್ನಿನ ಸದ್ದು ಭಾರವಾಯಿತು, ಕೈಯಲ್ಲಿದ್ದ ಸ್ಟೇರಿಂಗು ಬಿಗಿಯಿತು. ಹತ್ತಾರು ಲಾರಿ ಓಡಿಸಿ ನೋಡಿದ ಕೈ ಇದು, ಮುಂದಿನ ಚಕ್ರ ಎಳೆಯುವ ಬಿಗಿ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಾರಿಯ ಮೂತಿ ಒಮ್ಮೆ ಕುಸಿದು ಎದ್ದಿತು. ಎರಡೂ ಬಾಗಿಲಿಗೆ ರಪರಪ ಕೆಸರು ಬಡಿಯಿತು. ಗಾಡಿ ಹಳ್ಳದಿಂದ ಹತ್ತಿ ಗಟ್ಟಿ ನೆಲಕ್ಕೆ ಬಂದು ನಿಂತಿತು. ಬಲಗೈ ಹತ್ತಿರದ ಗುಂಡಿ ಕಡೆ ನೋಡಿದೆ. ಒಳಗೇ ಇತ್ತು.

ಕೆಂಚಪ್ಪ ಓಡಿಬಂದ. ಪಂಚೆ ತುಂಬ ಕೆಸರು. "ನಿನಗೆ ಕಣ್ ಕಾಣಲ್ವೇನಯ್ಯಾ? ಗಾಡಿ ಅಲ್ಲಾಡಾಕೆ ಮುಂಚೇನೇ ಮುಂದಿನ ಗಾಲಿ ಗಿರ್ರ್ ಅಂತ ತಿರುಗ್ತಿದ್ವು. ನನ್ ಪಂಚೆ ನೋಡು!"

ಲಾರಿ ಕೆಳಗೆ ತೂರಿದೆ. ಶಾಫ್ಟು ಇರಬೇಕಾದ ಜಾಗ ಖಾಲಿ. ಎರಡು ತುದಿಗೂ ನಾನು ಕಟ್ಟಿದ ಗೋಣಿ, ನಾನು ಹಾಕಿದ ಗಂಟು. ಮಡಚಿದ ಪೈಪು ಮಡಚಿದಂತೆಯೇ ಇದೆ. ಜಾಕಿ ಕೊಟ್ಟು ಮುಂದಿನ ಚಕ್ರ ಎತ್ತಿ ಒಂದೇ ಕೈಯಲ್ಲಿ ತಿರುಗಿಸಿದೆ, ಹಗುರವಾಗಿ ತಿರುಗಿತು. ಲಾರಿ ಹೂತಿದ್ದ ಕಡೆ ಹೋಗಿ ನೋಡಿದರೆ, ಮುಂದಿನ ಚಕ್ರಗಳಿದ್ದಲ್ಲಿ ಎರಡು ಹಳ್ಳ. ಅವುಗಳ ಮಣ್ಣು ಹಿಂದಕ್ಕೆ ಎರಚಿ ಬಿದ್ದಿತ್ತು. ಉರುಳುವ ಚಕ್ರ ಹಳ್ಳ ತೋಡುವುದಿಲ್ಲ.

ಈಗ ನಾನು ಮಾಡಬೇಕಾಗಿದ್ದದ್ದು ಎಷ್ಟು ಸಣ್ಣ ಕೆಲಸ ನೋಡಿ. ಕೆಂಚಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಲಾರಿಯನ್ನು ಹಾಗೆಯೇ ಮರುಳಪ್ಪನ ಮನೆ ಮುಂದೆ ನಿಲ್ಲಿಸಿದ್ದರೆ ಸಾಕಿತ್ತು. ಬಾಗಿಲ ತನಕ ಕೆಸರು ಹೊಡೆದರೆ ಮುಂದಿನ ಗಾಲಿ ಎಳೆದಿದೆ ಎಂದು ಹೇಳಿದವರು ಅವರೇ. ಶಾಫ್ಟು ನನ್ನ ಗೋಡೆಗೆ ಒರಗಿದೆ. ಆ ಗಾಡಿ ಡ್ರೈವರಿನ ಕೈ ಮೀರಿ ಹಿಡಿಯುತ್ತದೆ ಎಂದು ಅವರ ಬಾಯಿಂದಲೇ ಹೇಳಿಸಬಹುದಿತ್ತು. ಓಂಕಾರಪ್ಪ ಸುಳ್ಳನಲ್ಲ ಎಂದು ಅರ್ಧ ಗಂಟೆಯಲ್ಲಿ ಇಡೀ ಕಡೂರಿಗೆ ಗೊತ್ತಾಗುತ್ತಿತ್ತು.

ನಾನು ಹಾಗೆ ಮಾಡಲಿಲ್ಲ. ದಾರಿಯಲ್ಲಿ ಒಂದು ಕೆರೆ ಸಿಕ್ಕಿತು. ಲಾರಿ ನಿಲ್ಲಿಸಿ ಕೂತೆ. ಶಾಫ್ಟಿಲ್ಲದೆ ಮುಂದಿನ ಚಕ್ರ ತಿರುಗಿತು ಎಂದು ನಾನು ಹೇಳುವುದು, ಗಿಣಿಶಾಸ್ತ್ರ ಹೇಳು ಹೋಗು ಎಂದು ಬೇರೆಯವರು ನನಗೆ ಹೇಳುವುದು, ಶೆಡ್ಡಿನ ಮುಂದೆ ಜನ ನಗುವುದು, ಎಲ್ಲ ಕಣ್ಣ ಮುಂದೆ ಬಂತು. ಸೀಟಿನ ಹಿಂದಿದ್ದ ಬಕೆಟ್ಟು ತೆಗೆದುಕೊಂಡು ಇಳಿದೆ. ಎರಡೂ ಬಾಗಿಲು, ಮಡ್‌ಗಾರ್ಡು, ಫುಟ್‌ಬೋರ್ಡು, ಎಲ್ಲ ಉಜ್ಜಿ ಉಜ್ಜಿ ತೊಳೆದೆ. ಎಂಟು ಬಕೆಟ್ಟು ನೀರು. ಯಾರ ಲಾರಿಯನ್ನೂ ಅಷ್ಟು ಚೊಕ್ಕವಾಗಿ ನಾನು ತೊಳೆದದ್ದಿಲ್ಲ. "ಪರ್ವಾಗಿಲ್ವೇ, ಮದ್ಲಗಿತ್ತಿ ಹಂಗೆ ತಂದಿದೀಯ" ಎಂದು ಮರುಳಪ್ಪ ಮೆಚ್ಚಿಕೊಂಡರು.

ಅದಾದ ವಾರದಲ್ಲೇ ನೆವ ಹೇಳಿ ಲಾರಿಯನ್ನು ಶೆಡ್ಡಿಗೆ ತರಿಸಿದೆ. ಸಿಲಿಂಡರು ಬಿಚ್ಚಿದೆ, ಗೇರ್ ಬಾಕ್ಸೂ ಬಿಚ್ಚಿದೆ. ನನ್ನ ವಾಷರು ಕೂರಿಸಿದ ದಿನದ ಹಾಗೆಯೇ ಇತ್ತು. ಹಲ್ಲು ಸವೆದಿರಲಿಲ್ಲ. ಒಂದು ದೋಷ ಸಿಕ್ಕಿದ್ದರೆ ಎಷ್ಟು ಸಂತೋಷಪಡುತ್ತಿದ್ದೆನೋ! ಎಲ್ಲ ಸರಿಯಾಗಿದೆ ಎಂಬುದಕ್ಕೇ ಆ ಲಾರಿಯ ಮೇಲೆ ಸ್ಪ್ಯಾನರು ಎಸೆದೆ.

ಇನ್ನು ತಡೆಯಲಾಗದೆ ಓಂಕಾರಪ್ಪನ ಊರಿಗೆ ಹೋದೆ. ಯಾರದೋ ತೆಂಗಿನ ತೋಟದಲ್ಲಿ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮುಂದೆ ನಿಂತು ಕಾಯಿ ಸುಲಿಯುತ್ತಿದ್ದ. ನಡೆದದ್ದನ್ನು ಹೇಳಿದೆ. ಅವನು ಸುಲಿಯುವುದನ್ನು ನಿಲ್ಲಿಸದೆ ಕೇಳಿದ.

"ಬಾ ಓಂಕಾರಪ್ಪ, ಇಬ್ಬರೂ ಹೋಗಿ ಮರುಳಪ್ಪನೋರಿಗೆ ಹೇಳಾಣ" ಎಂದೆ.

"ಬಾಗಿಲಿಗೆ ಕೆಸರು ಹೊಡ್ದಿತ್ತಾ?"

"ಹೊಡ್ದಿತ್ತು."

"ತೋರ್ಸಿದ್ಯಾ?"

"ತೊಳ್ದುಬಿಟ್ಟೆ."

ಅವನು ಆಗ ಕೈ ನಿಲ್ಲಿಸಿದ. ಬೈಯುತ್ತಾನೆ ಎಂದುಕೊಂಡೆ, ಹೊಡೆದರೂ ಸರಿ ಎಂದುಕೊಂಡೆ. ಸುಲಿದ ಕಾಯಿಯನ್ನು ರಾಶಿಗೆ ಎಸೆದು, "ಮತ್ತೆ ಏನ್ ಹೇಳಾಕೆ ಬಂದೆ?" ಎಂದ. "ಬಸ್ಸು ನಾಕ್ ಗಂಟೆಗೆ ಬತ್ತದೆ. ಹೋಗು."

ಅಲ್ಲಿಂದ ನೆಟ್ಟಗೆ ಮರುಳಪ್ಪನ ಹತ್ತಿರ ಹೋಗಿ ಒಬ್ಬನೇ ಹೇಳಿದೆ. ಬಿಸಿಲು ಹೊಡೆದಿರಬೇಕು ಎಂದರು. ಕೆಂಚಪ್ಪನ ಪಂಚೆಯ ಮಾತೆತ್ತಿದೆ. ಹೊಲದವನ ಪಂಚೆಗೆ ಕೆಸರಿರದೆ ಗಂಧ ಇರುತ್ತದೆಯೇ ಎಂದರು. ಓಂಕಾರಪ್ಪ ಮತ್ತೆ ಯಾವ ಲಾರಿಯನ್ನೂ ಹತ್ತಲಿಲ್ಲ.

ಆ ದಿನದ ಇನ್ನೊಂದು ಮಾತು ಉಳಿದಿದೆ. ತೋಟದ ಬೇಲಿ ದಾಟುತ್ತಿದ್ದಾಗ ಅವನು ಹಿಂದಿನಿಂದ ಕೂಗಿದ. "ಮೇಸ್ತ್ರಿ, ಟುಸ್ ಅಂದಿದ್ದು ಯಾವ್ ಕಡೆಯಿಂದ?"

ಇದನ್ನು ನಾನು ಅವನಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಆ ಲಾರಿಯ ಗುಂಡಿ ಬಲಗಡೆ, ಪೈಪು ಬಲಗಡೆ. ಎಡಗಡೆ ಇದ್ದದ್ದು ಒಂದು ಖಾಲಿ ಸೀಟು ಮಾತ್ರ.

"ಎಡಗಡೆಯಿಂದ" ಎಂದೆ.

"ನಂಗೂ ಅಲ್ಲಿಂದ್ಲೇಯ" ಎಂದು ಓಂಕಾರಪ್ಪ ಇನ್ನೊಂದು ಕಾಯಿಗೆ ಬಗ್ಗಿದ.